ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಲ್ಲುತ್ತಿದ್ದ ಅಮ್ಮ

ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಮನೆಯ ಬಾಗಿಲು ತೆಗೆದರೆ ಎಡಕ್ಕೆ ಚಪ್ಪಲಿ ಸ್ಟ್ಯಾಂಡ್. ಅದರ ಮೇಲೆ ಛತ್ರಿ, ಹಳೆ ಪೇಪರ್, ಕರೆಂಟ್ ಬಿಲ್ಲು. ಅದರ ಹಿಂದಿನ ಸಂದಿಯಲ್ಲಿ ವೈಫೈ ರೌಟರ್. ರಾತ್ರಿ ಎಂಟೂವರೆ ಆಯಿತು ಅಂದರೆ ಅಮ್ಮ ಅಲ್ಲಿ ಬಂದು ನಿಲ್ಲುತ್ತಿದ್ದಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಗೋಡೆಗೆ. ಬೈಂದೂರಿನ ಚಿಕ್ಕಮ್ಮನ ಜೊತೆ ವಿಡಿಯೋ ಕಾಲ್. ಅಮ್ಮನಿಗೆ ಎಪ್ಪತ್ತನಾಲ್ಕು. ಮೊಣಕಾಲು ನೋವು. ಆದರೂ ಇಪ್ಪತ್ತು ನಿಮಿಷ ನಿಂತೇ ಮಾತು.

ನಾನು ಸೋಫಾದಲ್ಲಿ ಕೂತು ಇದನ್ನು ದಿನಾ ನೋಡುತ್ತಿದ್ದೆ. ಬಾಗಿಲ ಹತ್ತಿರ ಗಾಳಿ ಬರುತ್ತದೆ, ಅದಕ್ಕೆ ಅಲ್ಲಿ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡೇ ಮೂರು ವರ್ಷ ಕಳೆದೆ.

ಹೋದ ವರ್ಷ ಒಂದು ದಿನ ಸುಮ್ನೆ ಕೇಳಿದೆ, "ಒಳಗೆ ಹೋಗಿ ಕೂತು ಮಾತಾಡಬಾರದಾ ಅಮ್ಮ?"

"ಒಳಗೆ ಹೋದ್ರೆ ನಿನ್ನ ಚಿಕ್ಕಮ್ಮನ ಬಾಯಿ ಅರ್ಧಕ್ಕೇ ನಿಂತು ಹೋಗ್ತದೆ ಮಾರಾಯ," ಅಂದಳು.

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ನಿಮಗೆ ಈಗ ಗೊತ್ತಾದದ್ದಾ?"

ಅವಳ ಕಥೆ ಇನ್ನೊಂದು. ಏನಾದರೂ ಹೊಸ ಅಡುಗೆ ಮಾಡಬೇಕು ಅಂದರೆ ಹಾಲ್‌ನಲ್ಲಿ ಕೂತು ವಿಡಿಯೋ ನೋಡಿ, ಬೇಕಾದ ಕಡೆ ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ಅಡುಗೆಮನೆಗೆ ಹೋಗುವುದಂತೆ. ಅಲ್ಲಿ ಫೋನು ತಾನಾಗಿಯೇ ವೈಫೈ ಬಿಟ್ಟು ಮೊಬೈಲ್ ಡೇಟಾ ಹಿಡಿಯುತ್ತಿತ್ತು. ಸಂಜೆಯೊಳಗೆ ದಿನದ ಡೇಟಾ ಖಾಲಿ. ತಿಂಗಳಿಗೆ ಎರಡು ಮೂರು ಸಲ ಟಾಪ್-ಅಪ್. ಆ ಟಾಪ್-ಅಪ್‌ಗಳಿಗೆ ದುಡ್ಡು ಕಟ್ಟುತ್ತಿದ್ದವನು ನಾನೇ. ಮನೆಯಲ್ಲಿ ಇಡೀ ದಿನ ವೈಫೈ ಇರುವಾಗ ಇವಳಿಗೆ ಇಷ್ಟು ಡೇಟಾ ಯಾಕೆ ಬೇಕು ಅಂತ ಒಂದು ದಿನವೂ ಯೋಚಿಸಲಿಲ್ಲ. ಲೆಕ್ಕ ಬರೆಯುವುದೇ ನನ್ನ ಹೊಟ್ಟೆಪಾಡು ಅನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಹಾಗಂತ ನಮ್ಮ ಮನೆಯಲ್ಲಿ ಇಂಟರ್ನೆಟ್ ಬಗ್ಗೆ ದೂರು ಇರಲಿಲ್ಲ ಅಂತಲ್ಲ. ನನಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ. ಮೀಟಿಂಗ್‌ನಲ್ಲಿ ದನಿ ಒಂದು ಸಲ ಕಡಿದರೆ ಹತ್ತೇ ನಿಮಿಷದಲ್ಲಿ ಕೇಬಲ್‌ನವನಿಗೆ ಫೋನ್. ಮಗನ ಆನ್‌ಲೈನ್ ಟೆಸ್ಟ್ ನಿಂತರೆ ಐದೇ ನಿಮಿಷದಲ್ಲಿ. ಅಡುಗೆಮನೆಯಿಂದ ಮಾತ್ರ ದೂರು ಬಂದಿರಲಿಲ್ಲ. ಅಲ್ಲಿದ್ದವರು ದೂರು ಹೇಳುವ ಬದಲು ಎದ್ದು ಹಾಲ್‌ಗೆ ಬರುತ್ತಿದ್ದರು.

ರೌಟರ್ ಬಾಗಿಲ ಹತ್ತಿರ ಯಾಕಿತ್ತು ಅಂತ ಕೇಳಿದರೆ ಉತ್ತರ ಸುಲಭ. ಕೇಬಲ್ ಹುಡುಗ ಅಲ್ಲೇ ತೂತು ಕೊರೆದಿದ್ದ. ಮೆಟ್ಟಿಲಿನಿಂದ ಒಳಗೆ ಬರಲು ಅದೇ ಹತ್ತಿರದ ಗೋಡೆ, ಅಲ್ಲೇ ಒಂದು ಪ್ಲಗ್ ಪಾಯಿಂಟ್. ಅವನಿಗೆ ಆ ದಿನ ಇನ್ನೂ ಆರು ಮನೆ ಬಾಕಿ ಇತ್ತು. ಮುಂಬೈ ಕಡೆಯ ಎಷ್ಟು ಮನೆಗಳಿಗೆ ಹೋಗಿದ್ದೇನೋ ಅಷ್ಟೂ ಕಡೆ ರೌಟರ್ ಬಾಗಿಲ ಬಳಿ ಅಥವಾ ಟಿವಿ ಹಿಂದೆ. ಮನೆಯ ಯಾವ ಮೂಲೆಗೆ ಇಂಟರ್ನೆಟ್ ಸಿಗಬೇಕು ಅನ್ನುವುದನ್ನು ನಾವು ಡ್ರಿಲ್ ಮೆಷಿನ್‌ಗೆ ಬಿಟ್ಟಿದ್ದೇವೆ.

ನಾನು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವುದೇ. ಪ್ಲ್ಯಾನ್ ದೊಡ್ಡದು ಮಾಡಿಸಿದೆ. 100 ಎಂಬಿಪಿಎಸ್ ಇದ್ದದ್ದನ್ನು 200ಕ್ಕೆ. ತಿಂಗಳಿಗೆ ಜಿಎಸ್‌ಟಿ ಸೇರಿ 236 ರೂಪಾಯಿ ಜಾಸ್ತಿ. ಅಮ್ಮ ಮತ್ತೆ ಚಪ್ಪಲಿ ಸ್ಟ್ಯಾಂಡಿನ ಹತ್ತಿರವೇ ನಿಂತಳು.

ಹುಡುಗನನ್ನು ಕರೆಸಿದೆ. ಬಂದ, ರೌಟರಿನಿಂದ ಒಂದಡಿ ದೂರ ಫೋನ್ ಹಿಡಿದ, ಟೆಸ್ಟ್ ಮಾಡಿದ. "ಸ್ಪೀಡ್ ತರ್ ಫುಲ್ ಯೇತೋಯ್, ಕಾಕಾ." ತೋರಿಸಿದ್ದು 93. ಇನ್ನೂರರ ಪ್ಲ್ಯಾನ್‌ನಲ್ಲಿ 93 ಹೇಗೆ ಫುಲ್ ಆಗುತ್ತದೆ ಅಂತ ಕೇಳಿದೆ. ವೈಫೈ ಅಂದರೆ ಹಾಗೇ ಕಾಕಾ, ಅಂದು ಹೋದ.

ಹಾಗಾದರೆ ವೈಫೈ ಬಿಟ್ಟೇ ನೋಡೋಣ ಅಂತ ಮಗನ ಲ್ಯಾಪ್‌ಟಾಪನ್ನು ತಂತಿ ಹಾಕಿ ನೇರ ರೌಟರಿಗೆ ಜೋಡಿಸಿದೆ. 94 ಬಂತು. ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು ನೋಡಿದೆ, ಆಗಲೂ 94. ರಾತ್ರಿ ಹನ್ನೊಂದಕ್ಕೂ 94. ಇಂಟರ್ನೆಟ್ ಕೊಡುವವರದ್ದೇ ತೊಂದರೆಯಾಗಿದ್ದರೆ ಅಂಕಿ ಮೇಲೆ ಕೆಳಗೆ ಆಗಬೇಕಿತ್ತು. ಒಂದೇ ಅಂಕಿಗೆ ಹೀಗೆ ಅಂಟಿಕೊಂಡರೆ ನಡುವೆ ಯಾವುದೋ ಬಾಗಿಲು ಚಿಕ್ಕದಿದೆ ಅಂತ ಅರ್ಥ. ರೌಟರನ್ನು ಸಂದಿಯಿಂದ ಎಳೆದು, ಧೂಳು ಒರೆಸಿ, ಮಾಡೆಲ್ ನಂಬರ್ ಹುಡುಕಿದೆ. ಅದರ ವಿವರದಲ್ಲಿ ಸ್ಪಷ್ಟವಾಗಿ ಇತ್ತು, ಪೋರ್ಟ್‌ಗಳು 10/100. ಅಂದರೆ ತಂತಿ ಸಿಕ್ಕಿಸುವ ಆ ತೂತಿನಲ್ಲಿ ಸೆಕೆಂಡಿಗೆ ಗರಿಷ್ಠ 100 ಮೆಗಾಬಿಟ್ ಮಾತ್ರ ಹೋಗಬಹುದು. ಡೇಟಾಗೆ ವಿಳಾಸ ಗಿಳಾಸ ಅಂಟಿಸುವ ಪ್ಯಾಕಿಂಗ್ ಖರ್ಚು ಕಳೆದು ಕೈಗೆ ಸಿಗುವುದು 94ರ ಹತ್ತಿರ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ 1200 ಅಂತ ಬರೆದಿರುತ್ತಾರೆ. ಅದು ಗಾಳಿಯಲ್ಲಿ ಎರಡೂ ಬ್ಯಾಂಡ್, ಅಂದರೆ 2.4 ಮತ್ತು 5 ಗಿಗಾಹರ್ಟ್ಸ್ ಅನ್ನುವ ಎರಡು ಅಲೆಪಟ್ಟಿ, ಕೂಡಿಸಿದ ಕಾಗದದ ಲೆಕ್ಕ. ತಂತಿಯ ಬಾಗಿಲು ನೂರರದ್ದೇ. ಆ ಬಾಗಿಲಿಗೆ ನಾನು ಏಳು ತಿಂಗಳು ಇನ್ನೂರರ ಬಾಡಿಗೆ ಕಟ್ಟಿದ್ದೆ. 1652 ರೂಪಾಯಿ. ಬೇರೆಯವರ ಲೆಕ್ಕಪತ್ರದಲ್ಲಿ ಇಂಥದ್ದು ಕಂಡರೆ ನಾನು ಕೆಂಪು ಪೆನ್ನು ತೆಗೆಯುತ್ತೇನೆ.

ಇಷ್ಟರ ನಡುವೆ ಇನ್ನೊಂದು ದಂಡದ ಖರ್ಚೂ ಆಗಿತ್ತು. ರಿಪೀಟರ್. 1399 ರೂಪಾಯಿ. ಪ್ಲಗ್‌ಗೆ ಸಿಕ್ಕಿಸಿದರೆ ಮನೆಯೆಲ್ಲ ಸಿಗ್ನಲ್ ಅಂತ ಜಾಹೀರಾತು. ಅಡುಗೆಮನೆಯಲ್ಲಿ ಸಿಗ್ನಲ್ ಇಲ್ಲ, ಹಾಗಾಗಿ ಅಡುಗೆಮನೆಯಲ್ಲೇ ಸಿಕ್ಕಿಸಿದೆ. ಫೋನಿನಲ್ಲಿ ನಾಲ್ಕೂ ಗೆರೆ ತುಂಬಿ ಬಂದವು. ಅಮ್ಮ ಖುಷಿಯಿಂದ ಯಕ್ಷಗಾನ ಹಾಕಿದಳು. ಎರಡು ನಿಮಿಷಕ್ಕೆ ಚೆಂಡೆ ನಿಂತು ಚಕ್ರ ತಿರುಗತೊಡಗಿತು.

ರಿಪೀಟರ್ ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ. ಕೇಳಿಸಿಕೊಂಡದ್ದನ್ನೇ ಮತ್ತೆ ಹೇಳುತ್ತದೆ. ಕೇಳಿಸದ ಜಾಗದಲ್ಲಿ ಅದನ್ನು ಕೂರಿಸಿದರೆ ಭಾಗವತರ ಪದ ಕಿವಿಗೆ ಬೀಳದ ಮದ್ದಳೆಗಾರನ ಹಾಗೆ. ಜೋರಾಗೇನೋ ಬಾರಿಸುತ್ತಾನೆ, ತಾಳ ಮಾತ್ರ ಎಲ್ಲೋ. ಅದನ್ನು ಇಡಬೇಕಾದದ್ದು ನಡುದಾರಿಯಲ್ಲಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ. ಅಲ್ಲಿಟ್ಟರೂ ಅಗ್ಗದ ರಿಪೀಟರ್‌ನಲ್ಲಿ ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ರೇಡಿಯೋ. ಕೇಳುವಾಗ ಹೇಳಲಾಗುವುದಿಲ್ಲ, ಹೇಳುವಾಗ ಕೇಳಲಾಗುವುದಿಲ್ಲ. ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಾಡಿಗೆ ಮನೆ, ಗೋಡೆ ಮುಟ್ಟಬೇಡಿ ಅನ್ನುವ ಮಾಲೀಕರು ಇದ್ದರೆ ಬೇರೆ ದಾರಿ ಇಲ್ಲ, ತಗೊಳ್ಳಿ. ನಮ್ಮದು ಸ್ವಂತ ಮನೆ. ನನಗೆ ಇದ್ದದ್ದು ಸೋಮಾರಿತನ ಮಾತ್ರ.

ಆಮೇಲೆ ಕೊನೆಗೂ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಅಳತೆ. ಫೋನಿಗೆ ಒಂದು ಉಚಿತ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಭಾನುವಾರ ಬೆಳಿಗ್ಗೆ ಕೋಣೆ ಕೋಣೆ ತಿರುಗಿದೆ. ಗೆರೆಗಳನ್ನು ನಂಬಬೇಡಿ, ಅಂಕಿ ನೋಡಿ. ಅಂಕಿ ಮೈನಸ್‌ನಲ್ಲಿ ಬರುತ್ತದೆ, ಡಿಬಿಎಂ ಅಂತ. ಮೈನಸ್ ಹೆಚ್ಚಾದಷ್ಟೂ ಸಿಗ್ನಲ್ ಸೋತಿದೆ ಅಂತ ಅರ್ಥ. ಮೈನಸ್ 50 ಇದ್ದರೆ ರಾಜಭೋಗ. ಮೈನಸ್ 67ರವರೆಗೆ ವಿಡಿಯೋ ಕಾಲ್ ಸರಾಗ. 80 ದಾಟಿದರೆ ದೇವರೇ ಗತಿ.

ಹಾಲ್‌ನಲ್ಲಿ ಮೈನಸ್ 48. ಬೆಡ್‌ರೂಮಿನಲ್ಲಿ 61. ಅಡುಗೆಮನೆಯಲ್ಲಿ ಒಲೆಯ ಮುಂದೆ 84.

48ಕ್ಕೂ 84ಕ್ಕೂ ಬರೀ ಮೂವತ್ತಾರರ ಅಂತರ ಅನ್ನಿಸುತ್ತದೆ ಅಲ್ವಾ? ಈ ಲೆಕ್ಕ ಹಾಗಲ್ಲ. ಪ್ರತಿ 3ಕ್ಕೆ ಶಕ್ತಿ ಅರ್ಧ ಆಗುತ್ತದೆ, ಪ್ರತಿ 10ಕ್ಕೆ ಹತ್ತನೇ ಒಂದು ಪಾಲು. 36 ಇಳಿದರೆ ಉಳಿಯುವುದು ಸುಮಾರು ನಾಲ್ಕು ಸಾವಿರದಲ್ಲಿ ಒಂದು ಪಾಲು. ನಾನು ಕೂತ ಸೋಫಾಗೆ ನಾಲ್ಕು ಸಾವಿರ ರೂಪಾಯಿ, ಅಮ್ಮ ನಿಂತ ಒಲೆಗೆ ಒಂದು ರೂಪಾಯಿ. ನಡುವೆ ಇರುವುದು ಇಪ್ಪತ್ತೈದು ಅಡಿಯೂ ಇಲ್ಲ.

ಆ ಇಪ್ಪತ್ತೈದು ಅಡಿಯಲ್ಲಿ ಏನಿದೆ ಅಂತ ಒಂದು ಕಾಗದದ ಮೇಲೆ ಮನೆಯ ನಕ್ಷೆ ಬರೆದು ರೌಟರಿನಿಂದ ಒಲೆಗೆ ಗೆರೆ ಎಳೆದೆ. ಮೊದಲು ಚಪ್ಪಲಿ ಸ್ಟ್ಯಾಂಡಿನ ತಗಡು. ಆಮೇಲೆ ಅಪ್ಪನ ಕಾಲದ ಕಬ್ಬಿಣದ ಕಪಾಟು, ಅದಕ್ಕೆ ಆಳೆತ್ತರದ ಕನ್ನಡಿ. ಆಮೇಲೆ ಬಾತ್‌ರೂಮಿನ ಎರಡು ಗೋಡೆ, ಟೈಲ್ಸು, ಪೈಪು. ಬಾತ್‌ರೂಮಿನ ಮೇಲಿನ ಅಟ್ಟದಲ್ಲಿ 300 ಲೀಟರಿನ ಟ್ಯಾಂಕ್. ಅದರಾಚೆ ಪ್ಯಾಸೇಜಿನಲ್ಲಿ ನೀಲಿ ಡ್ರಮ್, ತುಂಬಾ ನೀರು. ಕೊನೆಗೆ ಫ್ರಿಜ್. ಲೋಹ ಅಲೆಯನ್ನು ವಾಪಸ್ ಎಸೆಯುತ್ತದೆ, ಕನ್ನಡಿಯ ಹಿಂದಿನ ಲೇಪವೂ ಹಾಗೇ. ನೀರು ಅಲೆಯನ್ನು ಕುಡಿದುಬಿಡುತ್ತದೆ. ನಮ್ಮ ಕಡೆ ನೀರು ಹೊತ್ತು ನೋಡಿಕೊಂಡು ಬರುವುದರಿಂದ ಮನೆಮನೆಯಲ್ಲೂ ಡ್ರಮ್ಮು, ಟ್ಯಾಂಕು. ವೈಫೈ ಬಗ್ಗೆ ವಿದೇಶದವರು ಮಾಡಿದ ವಿಡಿಯೋಗಳಲ್ಲಿ ಯಾರೂ ಈ ಡ್ರಮ್ಮಿನ ಮಾತೇ ಎತ್ತುವುದಿಲ್ಲ. ಅವರ ಮನೆಯ ಗೋಡೆಗಳೂ ಎಷ್ಟೋ ಸಲ ಮರದ ಚೌಕಟ್ಟಿಗೆ ತೆಳು ಹಲಗೆ ಬಡಿದದ್ದು. ನಮ್ಮವು ಇಟ್ಟಿಗೆ, ಸಿಮೆಂಟು, ಒಳಗೆ ಸರಳು.

ಇಲ್ಲಿ ಒಂದು ವಿಷಯ ನೆನಪಾಗಿ ನಗು ಬರುತ್ತದೆ. ಸಮುದ್ರದ ತಳದಲ್ಲಿ ಹಾಸಿಕೊಂಡು ಬರುವ ಅಂತಾರಾಷ್ಟ್ರೀಯ ಕೇಬಲ್‌ಗಳಲ್ಲಿ ಹಲವು ದಡ ಹತ್ತುವುದು ಇದೇ ಮುಂಬೈಯ ವರ್ಸೋವಾ ತೀರದಲ್ಲಿ. ಸಾವಿರಾರು ಕಿಲೋಮೀಟರ್ ಉಪ್ಪುನೀರಿನ ಕೆಳಗೆ ಬಂದ ಮಾತು, ಅಲ್ಲಿಂದ ಡೊಂಬಿವಲಿಗೆ ಮೂವತ್ತು ಮೂವತ್ತೈದು ಕಿಲೋಮೀಟರ್ ಬಂದು, ಮೂರು ಮಹಡಿ ಹತ್ತಿ, ನಮ್ಮ ನೀಲಿ ಡ್ರಮ್ಮಿನಲ್ಲಿ ಮುಳುಗಿ ಸಾಯುತ್ತಿತ್ತು. 1995ರ ಆಗಸ್ಟ್ 15ರಂದು ಆಗಿನ ಸರಕಾರಿ ಕಂಪನಿ ವಿಎಸ್ಎನ್ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಶುರು ಮಾಡಿದಾಗ ಮುಂಬೈ ಮೊದಲ ಊರುಗಳಲ್ಲಿ ಒಂದು. ಆಗ ಫೋನ್ ಲೈನಿನಲ್ಲೇ ಕುಯ್ಯೋ ಅಂತ ಕೂಗಿಕೊಂಡು ನೆಟ್ ಬರುತ್ತಿತ್ತು. ತಂತಿ ಇದ್ದಲ್ಲಿಗೆ ನಾವೇ ಹೋಗಿ ಕೂರುತ್ತಿದ್ದೆವು. ಅಮ್ಮ 2020ರ ದಶಕದಲ್ಲೂ ಅದನ್ನೇ ಮಾಡುತ್ತಿದ್ದಳು.

ಕಾಸಿಲ್ಲದ ರಿಪೇರಿ ಮೊದಲು. ರೌಟರನ್ನು ಸಂದಿಯಿಂದ ತೆಗೆದು ಅದೇ ಗೋಡೆಯಲ್ಲಿ ಆರಡಿ ಎತ್ತರಕ್ಕೆ, ಎರಡು ಮೊಳೆ ಹೊಡೆದು ನೇತುಹಾಕಿದೆ. ಕಪಾಟಿನ ತಲೆಗಿಂತ ಮೇಲೆ. ಆಂಟೆನಾಗಳನ್ನು ನೆಟ್ಟಗೆ ನಿಲ್ಲಿಸಿದೆ. ಅವು ಸಿಗ್ನಲ್ ಎರಚುವುದು ತುದಿಯಿಂದಲ್ಲ, ಪಕ್ಕಗಳಿಂದ. ಹಾಗಾಗಿ ಅಡುಗೆಮನೆ ಕಡೆಗೆ ಬಂದೂಕಿನ ಹಾಗೆ ಗುರಿ ಹಿಡಿಯುವುದು ದಡ್ಡತನ, ಅದನ್ನೂ ನಾನು ಮಾಡಿದ್ದೆ. ಡ್ರಮ್ಮನ್ನು ಪ್ಯಾಸೇಜಿನ ಇನ್ನೊಂದು ಮೂಲೆಗೆ ಸರಿಸಿದೆ. ಒಲೆಯ ಮುಂದೆ 84 ಇದ್ದದ್ದು 76ಕ್ಕೆ ಬಂತು. ಖರ್ಚು ಎರಡು ಮೊಳೆ. ನಿಮ್ಮ ಮನೆ ಚಿಕ್ಕದಾಗಿದ್ದರೆ ಕಥೆ ಇಲ್ಲಿಗೇ ಮುಗಿಯಬಹುದು.

ಚಾನೆಲ್ ವಿಷಯವೂ, ಅಂದರೆ ಗಾಳಿಯಲ್ಲಿ ಯಾವ ವೈಫೈ ಯಾವ ಸಾಲಿನಲ್ಲಿ ಕೂರುತ್ತದೆ ಅನ್ನುವುದೂ, ಅದೇ ಭಾನುವಾರ ಗೊತ್ತಾಯಿತು. ಆ್ಯಪಿನಲ್ಲಿ ನಮ್ಮದೂ ಸೇರಿ ಮೂವತ್ತೊಂದು ವೈಫೈ ಕಂಡವು. ಅಕ್ಕಪಕ್ಕದವರ ಹೆಸರುಗಳು ಓದಲು ಮಜಾ. ಒಬ್ಬರದು 'ಪಾಸ್‌ವರ್ಡ್ ವಿಚಾರೂ ನಕಾ', ಪಾಸ್‌ವರ್ಡ್ ಕೇಳಬೇಡಿ ಅಂತ. ಇನ್ನೊಬ್ಬರದು ದೇವರ ಹೆಸರು, ಕೊನೆಗೆ ಫ್ಲ್ಯಾಟ್ ನಂಬರ್. 2.4 ಗಿಗಾಹರ್ಟ್ಸ್ ಅನ್ನುವ ಪಟ್ಟಿಯಲ್ಲಿ ಚಾನೆಲ್ 1ರಿಂದ 13ರವರೆಗೆ ಇವೆ ಅಂತ ಹೆಸರಿಗೆ, ಒಂದಕ್ಕೊಂದು ಮೈ ತಾಗದೆ ಕೂರಬಹುದಾದದ್ದು ಮೂರೇ: 1, 6, 11. ಲೋಕಲ್ ರೈಲಿನ ಸೀಟಿನ ಹಾಗೆ. ಮೂವರ ಸೀಟಿಗೆ ನಾಲ್ಕನೆಯವನು ತುದಿಯಲ್ಲಿ ಕೂರುತ್ತಾನೆ, ಎಲ್ಲರಿಗೂ ಇಕ್ಕಟ್ಟು. ಇಲ್ಲಿ ಮೂವರ ಸೀಟಿನಲ್ಲಿ ಇಪ್ಪತ್ತು ಮೂವತ್ತು ಜನ. ಇದೇ ಪಟ್ಟಿಯಲ್ಲಿ ಬ್ಲೂಟೂತ್ ಇದೆ, ಮೈಕ್ರೋವೇವ್ ಓವನ್ನಿನ ಸೋರಿಕೆಯೂ ಇದೆ. ಲೈಸೆನ್ಸ್ ಇಲ್ಲದೆ ಯಾರು ಬೇಕಾದರೂ ಬಳಸಿ ಅಂತ 2005ರಲ್ಲಿ ಸರಕಾರ ಬಿಟ್ಟುಕೊಟ್ಟ ಜಾಗ ಇದು, ಹಾಗಾಗಿ ಯಾರನ್ನೂ ಎಬ್ಬಿಸುವಂತಿಲ್ಲ. ನಮ್ಮ ಕಟ್ಟಡದಲ್ಲಿ ಹೆಚ್ಚಿನವರು 6ರಲ್ಲಿ ಒತ್ತಿಕೊಂಡಿದ್ದರು. ನಾನು 1ಕ್ಕೆ ಹೋದೆ. ನಡುವಿನ 3 ಖಾಲಿ ಕಾಣುತ್ತದಲ್ಲ, ಅಲ್ಲಿಗೆ ಹೋಗೋಣ ಅಂತ ಮಗ ಅಂದ. ಹೋದರೆ 1ರವರ ಗಲಾಟೆಯೂ ನಮಗೆ, 6ರವರದ್ದೂ ನಮಗೆ.

5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ, ವೇಗವೂ ಜಾಸ್ತಿ. ಆದರೆ ಗೋಡೆ ಕಂಡರೆ ಅದಕ್ಕೆ ಸುಸ್ತು. ನನ್ನ ಲ್ಯಾಪ್‌ಟಾಪು, ಟಿವಿ, ಮಗನ ಫೋನು ಎಲ್ಲ ಹಾಲ್‌ನಲ್ಲೇ ಇರುವವು. ಅವನ್ನೆಲ್ಲ 5ಕ್ಕೆ ಹಾಕಿದೆ.

ಇನ್ನು 76ನ್ನು ಇನ್ನೂ ಮೇಲೆತ್ತಲು ಗಾಳಿಯಿಂದ ಆಗುವುದಿಲ್ಲ, ತಂತಿಯೇ ಎಳೆಯಬೇಕು ಅಂತ ತೀರ್ಮಾನವಾಯಿತು. ಅಗ್ಗದ ದಾರಿ ಅಂದರೆ ಯಾಕೋ ಎಲ್ಲರೂ ಹೊಸ ಡಬ್ಬ ಹುಡುಕುತ್ತಾರೆ. ತಂತಿಯಷ್ಟು ಅಗ್ಗದ್ದು ಬೇರೆ ಇಲ್ಲ. ಸುಮಾರಾದ ಕ್ಯಾಟ್ 5ಇ ದರ್ಜೆಯ ನೆಟ್‌ವರ್ಕ್ ಕೇಬಲ್ ಕೂಡ ನೂರು ಮೀಟರ್ ದೂರಕ್ಕೆ ಗಿಗಾಬಿಟ್, ಅಂದರೆ ಸೆಕೆಂಡಿಗೆ ಸಾವಿರ ಮೆಗಾಬಿಟ್, ಒಯ್ಯುತ್ತದೆ. ಗೋಡೆ, ಡ್ರಮ್ಮು, ಅಕ್ಕಪಕ್ಕದ ಮೂವತ್ತು ಮನೆ, ಯಾವುದರ ಹಂಗೂ ಅದಕ್ಕಿಲ್ಲ. ಇನ್ನೊಂದು ತುದಿಗೆ ಬೇಕಾದದ್ದು ಒಂದು ಹಳೆ ರೌಟರ್. ಅದು ನಮ್ಮ ಅಟ್ಟದಲ್ಲೇ ಇತ್ತು. ಹಿಂದಿನ ಕನೆಕ್ಷನ್ ಬಿಟ್ಟಾಗ ಉಳಿದದ್ದು, ಅಮ್ಮ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದಳು. ಅಮ್ಮ ಏನನ್ನೂ ಎಸೆಯುವುದಿಲ್ಲ, ಅದಕ್ಕೆ ನಾವು ದಿನಾ ಬೈಯುತ್ತಿದ್ದೆವು.

ಗೋಡೆಯ ಬುಡ, ಬಾಗಿಲ ಚೌಕಟ್ಟು ಹಿಡಿದು ನೂಲು ಹಾಯಿಸಿ ಅಳೆದೆ. ಹನ್ನೊಂದು ಮೀಟರ್ ಆಯಿತು. ಶನಿವಾರ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಡೊಂಬಿವಲಿಯಲ್ಲೇ ಸಿಗುತ್ತದೆ, ಅದು ನೆಪ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಆ ರಸ್ತೆಯಲ್ಲಿ ನಡೆಯುವುದು ನನಗೆ ಜಾತ್ರೆಗೆ ಹೋದ ಹಾಗೆ. ಬೋರ್ಡಿನಲ್ಲಿ ಅದರ ಹೆಸರು ಡಾ. ಭಡ್ಕಮ್ಕರ್ ಮಾರ್ಗ, ಬಾಯಲ್ಲಿ ಮಾತ್ರ ಲ್ಯಾಮಿಂಗ್ಟನ್ ರೋಡೇ. ಕೆಪಾಸಿಟರ್‌ನಿಂದ ಸಿಸಿಟಿವಿವರೆಗೆ ಎಲ್ಲ ಒಂದೇ ಸಾಲಿನಲ್ಲಿ.

ಅಲ್ಲಿ ಕಲಿತ ಪಾಠ ಒಂದು. ಮೀಟರಿಗೆ ಎಂಟು ರೂಪಾಯಿಗೂ ಕೇಬಲ್ ಇದೆ, ಇಪ್ಪತ್ತೆರಡಕ್ಕೂ ಇದೆ. ಎರಡರ ಮೇಲೂ ಕ್ಯಾಟ್ 6 ಅಂತಲೇ ಬರೆದಿರುತ್ತದೆ. ಅಗ್ಗದ್ದು ಅಲ್ಯುಮಿನಿಯಂ ತಂತಿ, ಮೇಲೆ ತಾಮ್ರದ ಲೇಪ. ತುದಿಯ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಬೇಕು. ಒಳಗೆ ಬೆಳ್ಳಗೆ ಕಂಡರೆ ಲೇಪ, ಒಳಗೂ ಕೆಂಪಗಿದ್ದರೆ ಅಸಲಿ ತಾಮ್ರ. ಅಗ್ಗದ್ದು ಬಗ್ಗಿಸಿದರೆ ಬೇಗ ಮುರಿಯುತ್ತದೆ, ಕ್ರಿಂಪ್ ಮಾಡಿದ, ಅಂದರೆ ಕನೆಕ್ಟರ್ ಒತ್ತಿ ಕೂರಿಸಿದ ಕಡೆ ಕೆಲ ತಿಂಗಳಲ್ಲೇ ಸಡಿಲವಾಗುತ್ತದೆ. ಹದಿನೈದು ಮೀಟರ್ ಅಸಲಿ ತಾಮ್ರ ತಗೊಂಡೆ, 330 ರೂಪಾಯಿ. ಎರಡೂ ತುದಿಗೆ ಕನೆಕ್ಟರ್ ಅಂಗಡಿಯಲ್ಲೇ ಹಾಕಿಸಿದೆ, 40. ಬಿಳಿ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ ಡೊಂಬಿವಲಿಯ ಹಾರ್ಡ್‌ವೇರ್ ಅಂಗಡಿಯಲ್ಲಿ, 150. ಬರುವಾಗ ಮಾಟುಂಗದಲ್ಲಿ ಇಳಿದು ಒಂದು ಫಿಲ್ಟರ್ ಕಾಫಿ ಕುಡಿದೆ. ಅದನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ.

ಎರಡೂ ತುದಿಗೆ ಕನೆಕ್ಟರ್ ಹಾಕಿಸಿದ್ದೇ ತಪ್ಪಾಯಿತು. ಅಡುಗೆಮನೆ ಬಾಗಿಲ ಮೇಲೆ ಹಳೆ ಟಿವಿ ಕೇಬಲ್ಲಿನ ತೂತು ಇದೆ, ಅದರಲ್ಲೇ ಹಾಯಿಸೋಣ ಅಂತ ಇದ್ದೆ. ತಂತಿ ಹೋಗುತ್ತದೆ, ಕನೆಕ್ಟರಿನ ತಲೆ ಹೋಗುವುದಿಲ್ಲ. ಸ್ಟೂಲ್ ಮೇಲೆ ನಿಂತು ಅರ್ಧ ಗಂಟೆ ತಿರುಗಿಸಿದೆ. ಹೆಂಡತಿ ಕೆಳಗಿನಿಂದ, "ಸೂಜಿಗೆ ದಾರ ಪೋಣಿಸುವಾಗ ಗಂಟು ಮೊದಲೇ ಹಾಕ್ತಾರಾ?" ಅಂದಳು. ತಲೆ ಕತ್ತರಿಸಿ, ತಂತಿ ಹಾಯಿಸಿ, ಅದೇ ಕೇಬಲ್ ಹುಡುಗನನ್ನು ಕರೆದೆ. ಐವತ್ತು ರೂಪಾಯಿಗೆ ಹೊಸ ಕನೆಕ್ಟರ್ ಹಾಕಿಕೊಟ್ಟ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟು ಎಳೆಯನ್ನು ಮಗ್ಗಿ ಹೇಳಿದ ಹಾಗೆ ಮರಾಠಿಯಲ್ಲಿ ಗೊಣಗುತ್ತಾ ಜೋಡಿಸಿದ. ಆ ಬೆರಳುಗಳ ಚುರುಕು ನೋಡಿ ಅವನ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು. ದಿನಕ್ಕೆ ಎಂಟು ಮನೆ ಮುಗಿಸುವವನು ನಮ್ಮ ಅಡುಗೆಮನೆಯ ಚಿಂತೆ ಯಾಕೆ ಮಾಡಬೇಕು? ಅದು ನನ್ನ ಕೆಲಸವಾಗಿತ್ತು.

ಹಳೆ ರೌಟರನ್ನು ಹೊಂದಿಸುವುದು ಹೀಗೆ. ತಂತಿ ಹಾಕುವ ಮೊದಲು ಅದನ್ನು ಒಂಟಿಯಾಗಿ ಲ್ಯಾಪ್‌ಟಾಪಿಗೆ ಜೋಡಿಸಿ, ಒಳಗಿನ ವಿಳಾಸ ಬದಲಿಸಬೇಕು. ದೊಡ್ಡ ರೌಟರ್ 192.168.0.1 ಆಗಿದ್ದರೆ ಇದಕ್ಕೆ 192.168.0.2. ಆಮೇಲೆ ಅದರ ಡಿಎಚ್‌ಸಿಪಿ, ಅಂದರೆ ಜೋಡಿಸಿಕೊಂಡ ಫೋನು ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಕೆಲಸ, ಆಫ್ ಮಾಡಬೇಕು. ಅಂದರೆ ಮನೆಗೆ ಬಂದವರಿಗೆ ಎಲೆ ಹಾಕುವ ಯಜಮಾನ ಒಬ್ಬನೇ ಇರಬೇಕು. ಇಬ್ಬರಾದರೆ ಒಂದೇ ಎಲೆಗೆ ಇಬ್ಬರನ್ನು ಕೂರಿಸುತ್ತಾರೆ. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇಡಿ. ಚಾನೆಲ್ ಮಾತ್ರ ಬೇರೆ, ಹಾಲ್‌ನದು 1 ಆದರೆ ಇದು 11. ತಂತಿಯನ್ನು ಹಳೆ ರೌಟರಿನ ವ್ಯಾನ್ ಅಂತ ಹೊರಗಿನ ನೆಟ್‌ಗೆ ಇಟ್ಟ ಬೇರೆ ಬಣ್ಣದ ತೂತಿಗಲ್ಲ, ಮನೆಯೊಳಗಿನ ಜೋಡಣೆಗೆ ಇರುವ ಉಳಿದ ಲ್ಯಾನ್ ತೂತುಗಳಲ್ಲಿ ಒಂದಕ್ಕೆ ಹಾಕಬೇಕು. ನಾನು ವ್ಯಾನ್‌ಗೆ ಹಾಕಿ ಒಂದು ಸಂಜೆ ಕಳೆದೆ. ಕೆಲವು ಹೊಸ ರೌಟರ್‌ಗಳಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಅಂತ ಒಂದೇ ಬಟನ್ ಇರುತ್ತದೆ, ಅವರಿಗೆ ಈ ರಾಮಾಯಣ ಇಲ್ಲ.

ಒಲೆಯ ಮುಂದೆ ಮೈನಸ್ 45.

ವೇಗ ಬಂದದ್ದು 40 ಎಂಬಿಪಿಎಸ್ ಆಸುಪಾಸು. ಹಳೆ ರೌಟರಿನ ಶಕ್ತಿ ಅಷ್ಟೇ. ಒಂದು ಒಳ್ಳೆಯ ಎಚ್‌ಡಿ ವಿಡಿಯೋಗೆ ಐದು ಸಾಕು. ವಿಡಿಯೋ ಕಾಲ್‌ಗೆ ಅದಕ್ಕಿಂತಲೂ ಕಡಿಮೆ. ಈ ಲೆಕ್ಕ ತಲೆಗೆ ಹೋದ ದಿನವೇ ಫೋನ್ ಮಾಡಿ ಪ್ಲ್ಯಾನನ್ನು ವಾಪಸ್ ನೂರಕ್ಕೆ ಇಳಿಸಿದೆ. ಇಳಿಸಬೇಡಿ ಸರ್, ಸ್ಕೀಮ್ ಇದೆ ಅಂತ ಆ ಕಡೆಯಿಂದ ಬಹಳ ಪ್ರೀತಿಯಿಂದ ಹೇಳಿದರು.

ಒಟ್ಟು ಖರ್ಚು 570 ರೂಪಾಯಿ. ಅದಕ್ಕೂ ಮೊದಲು ದಂಡ ತೆತ್ತದ್ದು 3051.

ಅಮ್ಮನಿಗೆ ಹೇಳಿದೆ, ಇನ್ನು ಮೇಲೆ ಎಲ್ಲಿ ಬೇಕಾದರೂ ಕೂತು ಮಾತಾಡು ಅಂತ. ಮೊದಲ ವಾರ ಅವಳಿಗೆ ನಂಬಿಕೆ ಬರಲಿಲ್ಲ. ಅಡುಗೆಮನೆಯಲ್ಲಿ ಶುರು ಮಾಡಿ ಮಾತಾಡುತ್ತಾ ಮಾತಾಡುತ್ತಾ ಕಾಲು ತಾನಾಗಿಯೇ ಬಾಗಿಲ ಕಡೆ ಬರುತ್ತಿತ್ತು. ನಡುವೆ ಫೋನು ಒಂದು ರೌಟರ್ ಬಿಟ್ಟು ಇನ್ನೊಂದನ್ನು ಹಿಡಿಯುವಾಗ ಚಿಕ್ಕಮ್ಮ ಒಂದು ಕ್ಷಣ ನಿಲ್ಲುತ್ತಿದ್ದಳು. "ಕಂಡ್ಯಾ, ನಿಂತಳು," ಅನ್ನುತ್ತಿದ್ದಳು ಅಮ್ಮ. ಯಾವಾಗ ಬಿಡಬೇಕು, ಯಾವಾಗ ಹಿಡಿಯಬೇಕು ಅನ್ನುವುದನ್ನು ಫೋನೇ ನಿರ್ಧರಿಸುತ್ತದೆ. ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುವ ರೌಟರ್‌ಗಳ ದುಬಾರಿ ಮೆಶ್ ಸೆಟ್ ಇದ್ದರೆ ಇದು ನುಣ್ಣಗೆ ಆಗುತ್ತದೆ ಅನ್ನುತ್ತಾರೆ. ಒಂದು ಕ್ಷಣಕ್ಕಾಗಿ ಆರು ಸಾವಿರ ಕೊಡಲು ನಾನು ತಯಾರಿಲ್ಲ. ಎರಡನೇ ವಾರ ಪ್ಲಾಸ್ಟಿಕ್ ಕುರ್ಚಿಯೊಂದು ಅಡುಗೆಮನೆಯೊಳಗೆ ಹೋಯಿತು. ಅದು ಈಗಲೂ ಅಲ್ಲೇ ಇದೆ, ಫ್ರಿಜ್ ಬಾಗಿಲಿಗೆ ತಾಗುತ್ತದೆ, ಯಾರೂ ತೆಗೆದಿಲ್ಲ.

ನವೆಂಬರಿನಿಂದ ಮೇವರೆಗೆ ಊರಲ್ಲಿ ಯಕ್ಷಗಾನ ಮೇಳಗಳ ತಿರುಗಾಟ. ಈಗ ಎಷ್ಟೋ ಆಟಗಳು ರಾತ್ರಿ ಯೂಟ್ಯೂಬಿನಲ್ಲಿ ನೇರ ಬರುತ್ತವೆ. ಅಮ್ಮ ರಾತ್ರಿ ಹತ್ತಕ್ಕೆ ಮರುದಿನದ ತರಕಾರಿ ಹಚ್ಚುತ್ತಾ ಆಟ ನೋಡುತ್ತಾಳೆ. ನನಗೆ ಹಾಲ್‌ನಲ್ಲಿ ನಿದ್ದೆ ಬರುವುದಿಲ್ಲ, ಅದು ಬೇರೆ ಕಥೆ.

ಉಳಿದದ್ದು ಕರೆಂಟು. ಮಳೆ ಶುರುವಾದರೆ ನಮ್ಮಲ್ಲಿ ಹೋಗುವುದು, ಬರುವುದು ಇದ್ದದ್ದೇ. ಎರಡೂ ರೌಟರಿಗೆ 12 ವೋಲ್ಟ್ ಬೇಕು. ಅದಕ್ಕೇ ಅಂತ ಮಿನಿ ಯುಪಿಎಸ್ ಬರುತ್ತದೆ, ಸೋಪಿನ ಡಬ್ಬಿಯಷ್ಟು. ತಗೊಳ್ಳುವ ಮೊದಲು ಅಡಾಪ್ಟರ್ ಮೇಲೆ ಬರೆದ ವೋಲ್ಟು, ಆಂಪಿಯರ್ ನೋಡಿಕೊಳ್ಳಿ. 9 ವೋಲ್ಟಿನ ರೌಟರೂ ಇವೆ, ಅದಕ್ಕೆ 12 ಕೊಟ್ಟರೆ ಹೊಗೆ. ಹಾಲ್‌ನ ರೌಟರಿಗೆ ಒಂದು ತಂದೆ, 1150. ಅಡುಗೆಮನೆಯದಕ್ಕೂ ಒಂದು ಬೇಕೇ ಬೇಕು ಅಂತ ಹೆಂಡತಿ ಪಟ್ಟು ಹಿಡಿದಳು. ಈ ಸಲ ನಾನು ವಾದ ಮಾಡಲಿಲ್ಲ.

ಜೂನ್‌ನಲ್ಲಿ ಮೊದಲ ದೊಡ್ಡ ಮಳೆಗೆ ಕರೆಂಟ್ ಹೋಯಿತು. ಕಟ್ಟಡವೆಲ್ಲ ಕತ್ತಲೆ, ನಮ್ಮ ಎರಡು ರೌಟರುಗಳ ಹಸಿರು ದೀಪ ಮಾತ್ರ ಉರಿಯುತ್ತಿತ್ತು. ಅಮ್ಮ ಅಡುಗೆಮನೆಯಲ್ಲಿ ಹಳೆ ಆಟವೊಂದನ್ನು ಹಾಕಿಕೊಂಡು ಕೂತಿದ್ದಳು. ನಾನು ಹೆಮ್ಮೆಯಿಂದ ಬಾಗಿಲಲ್ಲಿ ನಿಂತಿದ್ದೆ. ನಲವತ್ತು ನಿಮಿಷಕ್ಕೆ ಚೆಂಡೆ ನಿಂತಿತು. ರೌಟರಿನ ದೀಪಗಳು ಹಾಗೇ ಉರಿಯುತ್ತಿದ್ದವು.

ಟಾರ್ಚ್ ಹಿಡಿದು ಕೆಳಗೆ ಹೋದೆ. ಫೈಬರ್ ಬರುವುದು ನಮ್ಮ ಮನೆಗಲ್ಲ, ಮೀಟರ್ ರೂಮಿನ ಪಕ್ಕದ ಪೆಟ್ಟಿಗೆಗೆ. ಅಲ್ಲಿಂದ ಒಬ್ಬೊಬ್ಬರ ಮನೆಗೆ ತಾಮ್ರದ ತಂತಿ. ಆ ಪೆಟ್ಟಿಗೆಯೊಳಗೆ ಎಲ್ಲ ಮನೆಗೆ ನೆಟ್ ಹಂಚುವ ಸ್ವಿಚ್ಚಿನ ಬ್ಯಾಟರಿ ಮುಗಿದಿತ್ತು. ದೊಡ್ಡ ಬ್ಯಾಟರಿ ಇಡಬಹುದು, ಆದರೆ ಅದಕ್ಕೆ ಸೊಸೈಟಿಯ ಕಾಮನ್ ಮೀಟರಿನಿಂದ ಇನ್ನೊಂದು ಪಾಯಿಂಟ್ ಬೇಕು, ಸೆಕ್ರೆಟರಿಯ ಸಹಿ ಬೇಕು ಅಂದ ಕೇಬಲ್ ಹುಡುಗ. ಅರ್ಜಿಯನ್ನು ಮರಾಠಿಯಲ್ಲಿ ಬರೆದು ಕೊಟ್ಟಿದ್ದೇನೆ. ಮುಂದಿನ ಮೀಟಿಂಗ್ ಗಣಪತಿ ಹಬ್ಬ ಆದ ಮೇಲೆ.